ಹಿತ್ತಾಳೆಯ ಮೇಲಿನ ಕೆಂಪು ಗೆರೆ

ಹಿತ್ತಾಳೆಯನ್ನು ಹುಣಸೆಹಣ್ಣು ಹಾಕಿ ಉಜ್ಜುವಾಗ ಒಂದು ವಾಸನೆ ಏಳುತ್ತದೆ. ಬರೀ ಹುಳಿ ಎನ್ನುವ ಹಾಗಿಲ್ಲ, ಬರೀ ಲೋಹ ಎನ್ನುವ ಹಾಗೂ ಇಲ್ಲ. ಹಳೆಯ ನಾಣ್ಯವನ್ನು ಬಾಯಲ್ಲಿಟ್ಟುಕೊಂಡ ಹಾಗೆ ಹಲ್ಲು ಜುಮ್ಮೆನ್ನುತ್ತದೆ. ನಿಮ್ಮ ಮನೆಯಲ್ಲೂ ಹಬ್ಬದ ಮುಂಚೆ ಬಂದೇ ಬರುತ್ತದೆ, ನಿಮಗದು ಹಬ್ಬದ ವಾಸನೆ. ನನಗೆ ಮಾತ್ರ ಅದು ಮೂಗಿಗೆ ಬಡಿದರೆ ಅಂಗೈ ಬೆವರುತ್ತದೆ.

ಮೊನ್ನೆ ನವರಾತ್ರಿಗೆ ಮುಂಚೆ ನನ್ನ ಹೆಂಡತಿ ಬಚ್ಚಲಲ್ಲಿ ದೀಪದ ಕಂಬಗಳನ್ನು ಉಜ್ಜುತ್ತಿದ್ದಳು. ನಾನು ಪೇಪರ್ ಮಡಿಚಿಟ್ಟು ಗೋಡೆ ನೋಡುತ್ತಾ ಕೂತದ್ದು ಅವಳ ಕಣ್ಣಿಗೆ ಬಿತ್ತು.

"ಏನು, ಬಾಟ್ಲಿ ಹೊರಡ್ತಾ?" ಎಂದಳು.

"ಇಲ್ಲ. ಇನ್ನೂ ತಿರುಗ್ತಾ ಇದೆ."

"ಬೇಗ ಹೊರಡ್ಲಿ. ಮಾವಿನ ಸೊಪ್ಪು ತರ್ಬೇಕು."

ಮದುವೆಯಾದಂದಿನಿಂದ ಈ ಕಥೆ ಕೇಳಿ ಕೇಳಿ ಅವಳಿಗೆ ಅದು ಮನೆಯ ಗಡಿಯಾರದ ಹಾಗಾಗಿದೆ. ನಿಮಗೆ ಹೊಸದು, ಆದ್ದರಿಂದ ಹೇಳುತ್ತೇನೆ. ಒಂದು ಮಾತು ಮೊದಲೇ ಒಪ್ಪಿಕೊಂಡುಬಿಡಿ: ಇದರಲ್ಲಿ ಏನಾಯಿತು ಎಂಬುದನ್ನು ಹೇಳಬಲ್ಲೆ, ಹೇಗಾಯಿತು ಎಂದು ಕೇಳಿದರೆ ತಡವರಿಸುತ್ತೇನೆ. ಭೌತಶಾಸ್ತ್ರದಲ್ಲಿ ಬಿ.ಎಸ್ಸಿ. ಮಾಡಿದವನು ಹೀಗೆ ಹೇಳುವುದು ನಾಚಿಕೆಗೇಡು. ಏನು ಮಾಡಲಿ, ನಾನು ಅಲ್ಲೇ ಇದ್ದೆ, ಕಣ್ಣು ಬಿಟ್ಟುಕೊಂಡೇ ಇದ್ದೆ, ಆದರೂ ಗೊತ್ತಿಲ್ಲ.

ನಮ್ಮೂರಿನವರಿಗೆ ಒಂದು ಚಟವಿದೆ. ಕೊಂಡ ವಸ್ತುವನ್ನು ಕೊಂಡ ಹಾಗೆ ಇಟ್ಟುಕೊಳ್ಳುವುದು ನಮಗೆ ಆಗದು. ಹೊಸ ಸ್ಕೂಟರ್ ಶೋರೂಮಿನಿಂದ ಹೊರಬಿದ್ದರೆ ಮೊದಲು ದೇವಸ್ಥಾನದ ಮುಂದೆ ನಿಂಬೆಹಣ್ಣಿನ ಮೇಲೆ ಹತ್ತುತ್ತದೆ, ಅಲ್ಲಿಂದ ಸೀದಾ ಎಕ್ಸ್‌ಟ್ರಾ ಫಿಟಿಂಗ್ ಅಂಗಡಿಗೆ ಹೋಗುತ್ತದೆ. ಸೀಟಿಗೆ ಇನ್ನೊಂದು ಕವರು, ಹಾರ್ನಿಗೆ ಇನ್ನೊಂದು ದನಿ, ಮುಂದೆ ಹಿಂದೆ ಕಂಬಿ. ಮಾಡಿದ ಕಂಪನಿಯವನಿಗೆ ಏನೂ ತಿಳಿಯದು, ಉಳಿದದ್ದನ್ನು ನಾವು ಸರಿಮಾಡಬೇಕು ಎಂಬ ಧೋರಣೆ. ನಮ್ಮ ತಂದೆಯಂಥ ಗುಮಾಸ್ತರು ಕೂಡ ಹೊಸ ಛತ್ರಿ ತಂದ ದಿನವೇ ಅದರ ಹಿಡಿಗೆ ಟ್ವೈನ್ ದಾರ ಸುತ್ತಿ, "ಈಗ ಗಟ್ಟಿಯಾಯ್ತು ನೋಡು" ಎನ್ನುತ್ತಿದ್ದರು. ಛತ್ರಿಯಲ್ಲಿ ಮುರಿಯುತ್ತಿದ್ದುದು ಯಾವಾಗಲೂ ಕಡ್ಡಿ. ಹಿಡಿ ಮುರಿದದ್ದನ್ನು ನಾನು ಕಂಡಿಲ್ಲ.

ಕಂಠಿ ಆ ಚಟದ ಗರ್ಭಗುಡಿಯಲ್ಲೇ ಹುಟ್ಟಿದವನು. ಶ್ರೀಕಂಠ ಎಂದು ಹೆಸರು, ಕಾಲೇಜಿನಲ್ಲಿ ನನ್ನ ಪಕ್ಕದಲ್ಲಿ ಕೂರುತ್ತಿದ್ದ. ಅವನ ತಂದೆಗೆ ಕಲಾಸಿಪಾಳ್ಯದಲ್ಲಿ ಸ್ಕೂಟರ್ ಬಿಡಿಭಾಗಗಳ ಅಂಗಡಿ. ಮನೆ ಚಾಮರಾಜಪೇಟೆಯಲ್ಲಿ, ಮುಂದೆ ಕಿರಿದು, ಒಳಗೆ ಉದ್ದ, ರೈಲಿನ ಬೋಗಿಯಂಥದು. ಬೋಗಿಯ ಕೊನೆಗೆ ಹಿತ್ತಿಲು. ಹಿತ್ತಿಲಲ್ಲಿ ಒಂದು ಸೀಬೆಮರ, ಒಂದು ಒಗೆಯುವ ಕಲ್ಲು, ತಗಡಿನ ಬಾಗಿಲಿನ ಬಚ್ಚಲು. ಅವನ ತಾಯಿ ಜಯಮ್ಮನವರನ್ನು ಒಮ್ಮೆ ಆಂಟಿ ಎಂದು ಕರೆದು ಬೈಸಿಕೊಂಡಿದ್ದೆ. "ಆಂಟಿ ಅಂತೆ ಆಂಟಿ. ನಾನೇನು ನರ್ಸರಿ ಸ್ಕೂಲ್ ಮಿಸ್ಸಾ? ಅತ್ತೆ ಅನ್ನು." ಅಂದಿನಿಂದ ಜಯತ್ತೆ. ನಾನು ಬಸವನಗುಡಿಯವನು, ನಡೆದೇ ಅವರ ಮನೆ ಸೇರುತ್ತಿದ್ದೆ. ಓದು ಮುಗಿದು ಬ್ಯಾಂಕಿಗೆ ಸೇರಿದ ಮೇಲೂ ಭಾನುವಾರಗಳು ಆ ಹಿತ್ತಿಲಲ್ಲೇ ಕಳೆಯುತ್ತಿದ್ದವು.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಕ್ಕೆ ಊರಾಚೆ ಒಂದು ಬಯಲಿನಲ್ಲಿ ಪೇಂಟ್‌ಬಾಲ್ ಎಂಬ ಆಟ ಶುರುವಾಯಿತು. ಈಗ ಎಲ್ಲರಿಗೂ ಗೊತ್ತು, ಆಗ ಯಾರಿಗೂ ಗೊತ್ತಿರಲಿಲ್ಲ. ಬಂದೂಕಿನಂಥ ಒಂದು ಸಾಧನ, ಅದರ ಬೆನ್ನಿಗೆ ಗ್ಯಾಸ್ ತುಂಬಿದ ಬಾಟ್ಲಿ, ತಲೆಯ ಮೇಲೆ ಬಣ್ಣದ ಗುಂಡುಗಳ ಡಬ್ಬಿ. ಕುದುರೆ ಒತ್ತಿದರೆ ಗುಂಡು ಹಾರಿ ಎದುರಿನವನ ಅಂಗಿಯ ಮೇಲೆ ಒಡೆದು ಬಣ್ಣವಾಗುತ್ತದೆ. ಆಫೀಸಿನವರು ಗುಂಪು ಕಟ್ಟಿಕೊಂಡು ಹೋಗಿ ಟೈರುಗಳ ಹಿಂದೆ ಅವಿತು ಒಬ್ಬರಿಗೊಬ್ಬರು ಹೋಳಿ ಆಡಿ ಬರುತ್ತಿದ್ದರು. ಬಾಡಿಗೆಗೆ ಕೊಟ್ಟ ಸಾಧನಗಳು ವಾರ ವಾರ ಕೆಡುತ್ತಿದ್ದವು. ಯಾರೋ ಕಂಠಿಯ ಹೆಸರು ಹೇಳಿದರು, ಇವನು ಹೋಗಿ ರಿಪೇರಿ ಮಾಡಿದ. ಕೊನೆಗೆ ಕೆಟ್ಟು ಮೂಲೆ ಸೇರಿದ್ದ ಒಂದನ್ನು ಅವರು ಇವನಿಗೇ ಕೊಟ್ಟುಬಿಟ್ಟರು.

"ಗನ್ ಚೆನ್ನಾಗಿದೆ ಗುರು," ಅಂದೆ ಮೊದಲ ಸಲ ನೋಡಿದಾಗ.

"ಲೇ, ಗನ್ ಅನ್ಬೇಡ. ಪೊಲೀಸ್ನೋರು ಬಂದ್ರೆ ನೀನು ಬಿಡಿಸ್ಕೊಂಡ್ ಬರ್ತೀಯಾ? ಮಾರ್ಕರ್ ಅನ್ನು. ಅದೇ ಅದರ ಹೆಸರು."

ಜಯತ್ತೆಗೆ ಮಾರ್ಕರ್ ಎಂದರೆ ಶಾಲಾಮಕ್ಕಳ ದಪ್ಪ ಪೆನ್ನು. ಮಗ ಮಾರ್ಕರ್ ರಿಪೇರಿ ಮಾಡುತ್ತಾನೆ ಎಂದು ಅವರು ಪಕ್ಕದ ಮನೆಯವರಿಗೆ ಹೇಳಿ, ಅವರು ಅಯ್ಯೋ ಪಾಪ ಎಂಬಂತೆ ನೋಡಿ, ಒಂದು ವಾರ ಎರಡು ಮನೆಗೂ ಮಾತುಕತೆ ಸರಿಯಿರಲಿಲ್ಲ.

ಅಲ್ಲಿಂದ ಶುರುವಾಯಿತು ಸುಧಾರಣೆ. ಕಂಪನಿಯ ನಳಿಗೆ ಗಿಡ್ಡವಾಯಿತೆಂದು ಕಲಾಸಿಪಾಳ್ಯದ ಲೇತ್‌ನಲ್ಲಿ ಉದ್ದನೆಯದನ್ನು ಮಾಡಿಸಿದ. ಒಳಗಿನ ಸ್ಪ್ರಿಂಗು ಮೆತ್ತಗಿದೆಯೆಂದು ಅಂಗಡಿಯ ಸ್ಪ್ರಿಂಗ್ ಡಬ್ಬ ಸುರಿದುಕೊಂಡು ಒಂದೊಂದನ್ನೇ ಹಾಕಿ ನೋಡಿದ. ಗುಂಡುಗಳು ಡಬ್ಬಿಯಲ್ಲಿ ಸಿಕ್ಕಿಕೊಳ್ಳುತ್ತವೆಂದು ಆಟದ ಕಾರಿನ ಮೋಟಾರ್ ಕೂರಿಸಿ ಕಲಕುವಂತೆ ಮಾಡಿದ. ಅದು ಸೊಳ್ಳೆಯ ಹಾಗೆ ಗುಂಯ್‌ಗುಡುತ್ತಿತ್ತು. ಅಮೆರಿಕದಲ್ಲಿ ಇಂಥ ಹೆಚ್ಚುವರಿ ಭಾಗಗಳಿಗೇ ಬೇರೆ ಅಂಗಡಿಗಳಿವೆ ಎಂದು ಗಾಂಧಿ ಬಜಾರಿನ ಬ್ರೌಸಿಂಗ್ ಸೆಂಟರಿನಲ್ಲಿ ಓದಿ ಬಂದು ಹೇಳುವಾಗ ಅವನ ಕಣ್ಣಲ್ಲಿ ತೀರ್ಥಯಾತ್ರೆಯ ಹೊಳಪಿರುತ್ತಿತ್ತು. "ಅಲ್ಲೂ ನಮ್ಮಂಥೋರೇ ಇದಾರೆ ಮಗಾ!" ಸುಧಾರಣೆಗೆ ಮುಂಚೆ ಗುಂಡು ಸೀಬೆಮರಕ್ಕೆ ಒರಗಿಸಿದ ಹಳೇ ಹಾಸಿಗೆಗೆ ನೆಟ್ಟಗೆ ಹೋಗಿ ಬಡಿಯುತ್ತಿತ್ತು. ಸುಧಾರಣೆಯ ನಂತರ ನಳಿಗೆಯೊಳಗೇ ಒಡೆದು ತುದಿಯಿಂದ ಹಳದಿ ಗೊಜ್ಜು ಇಳಿಯುತ್ತಿತ್ತು. "ಬರ್ತಾ ಇದೆ, ಬರ್ತಾ ಇದೆ," ಎನ್ನುತ್ತಿದ್ದ ಕಂಠಿ.

ಗುಂಡಿನ ಹೊದಿಕೆ ಜೆಲಟಿನ್. ಅದು ಪ್ರಾಣಿಗಳ ಮೂಳೆ, ಚರ್ಮದಿಂದ ಬರುತ್ತದೆಂದು ನಮ್ಮಿಬ್ಬರಿಗೂ ಗೊತ್ತಿತ್ತು. ಮೊಟ್ಟೆಯೂ ಹೊಸಿಲು ದಾಟದ ಆ ಮನೆಯಲ್ಲಿ ಗುಂಡುಗಳು ತೇವಕ್ಕೆ ಊದಿಕೊಳ್ಳದಿರಲೆಂದು ಜಯತ್ತೆ ಅವನ್ನು ಹಪ್ಪಳದ ಡಬ್ಬಿಯ ಪಕ್ಕದಲ್ಲೇ ಜೋಪಾನವಾಗಿ ಇಡುತ್ತಿದ್ದರು. ಕಂಠಿ ನನ್ನ ಕಡೆ ನೋಡುವನು, ನಾನು ಸೀಬೆಮರದ ಕಡೆ ನೋಡುವೆನು.

ಇನ್ನು ಬಾಟ್ಲಿಯ ವಿಷಯ. ಫ್ಲಾಸ್ಕಿನಷ್ಟು ಗಾತ್ರದ ಅಲ್ಯೂಮಿನಿಯಂ ಬಾಟ್ಲಿ, ಕುತ್ತಿಗೆಗೆ ಹಿತ್ತಾಳೆಯ ತಲೆ. ಆ ತಲೆಯನ್ನು ಮಾರ್ಕರಿನ ಹಿಂಬದಿಗೆ ತಿರುಗಿಸಿ ಕೂರಿಸಬೇಕು; ಬಿಚ್ಚಿದರೆ ತಲೆ ತಾನೇ ಮುಚ್ಚಿಕೊಂಡು ಗ್ಯಾಸನ್ನು ಒಳಗೇ ಹಿಡಿದಿಡುತ್ತದೆ. ಒಳಗಿರುವುದು ಸೋಡಾಕ್ಕೆ ಹಾಕುವ ಗ್ಯಾಸೇ. ಬಳೇಪೇಟೆಯ ಒಬ್ಬ ಸೋಡಾ ಗ್ಯಾಸಿನವನಲ್ಲಿ ತುಂಬಿಸುತ್ತಿದ್ದ. ಒತ್ತಡಕ್ಕೆ ಸಿಕ್ಕಿ ಅದು ಒಳಗೆ ನೀರಿನಂಥ ದ್ರವವಾಗಿರುತ್ತದೆ. ಬಾಟ್ಲಿ ವಾಲಿದರೆ ಆ ದ್ರವವೇ ಮಾರ್ಕರಿನೊಳಗೆ ನುಗ್ಗಿ ಎಲ್ಲವನ್ನೂ ಮಂಜುಗಟ್ಟಿಸುತ್ತದೆ. ಅದಕ್ಕೂ ಒಂದು ಹೆಚ್ಚುವರಿ ಭಾಗವಿತ್ತು: ಬಾಟ್ಲಿಯೊಳಗೆ ಇಳಿಬಿಡುವ ಒಂದು ಬಾಗಿದ ಕೊಳವೆ. ಕೊಳವೆ ಇದ್ದರೆ ಮೇಲಿನ ಆವಿ ಮಾತ್ರ ಹೋಗುತ್ತದೆ. ಕಂಠಿ ಗ್ಯಾಸ್ ಪೂರ್ತಿ ಖಾಲಿ ಮಾಡಿ, ಬಾಟ್ಲಿಯನ್ನು ಅಂಗಡಿಯ ವೈಸ್‌ಗೆ ಕಚ್ಚಿಸಿ, ಕಂಪನಿಯವರು ಅಂಟು ಹಾಕಿ ಕೂರಿಸಿದ್ದ ಹಿತ್ತಾಳೆ ತಲೆಯನ್ನು ಬಿಚ್ಚಿ, ಕೊಳವೆ ಇಳಿಸಿ, ನಲ್ಲಿಗೆ ಸುತ್ತುವ ಬಿಳಿ ಟೇಪ್ ಸುತ್ತಿ, ಮತ್ತೆ ಬಿಗಿದ.

ಇಲ್ಲಿ ಸ್ವಲ್ಪ ನಿಧಾನಿಸಿ. ಈಗ ಎರಡು ಕಡೆ ತಿರುಪಿನ ಮರೆ ಇದೆ. ಬಾಟ್ಲಿ ಮತ್ತು ತಲೆಯ ನಡುವೆ ಒಂದು, ತಲೆ ಮತ್ತು ಮಾರ್ಕರಿನ ನಡುವೆ ಇನ್ನೊಂದು. ಎರಡೂ ಒಂದೇ ದಿಕ್ಕಿಗೆ ಬಿಚ್ಚುತ್ತವೆ. ಹಳೇ ಮನೆಯಲ್ಲಿ ಬಾಳಿದವರಿಗೆ ಇದು ಗೊತ್ತು: ಕೆಟ್ಟ ನಲ್ಲಿ ಬಿಚ್ಚಲು ಹೋದರೆ ನಲ್ಲಿ ಅಲ್ಲಾಡದೆ ಗೋಡೆಯೊಳಗಿನ ಪೈಪೇ ತಿರುಗಿಕೊಂಡು ಬರುತ್ತದೆ. ಯಾವುದು ಸಡಿಲವೋ ಅದು ಮೊದಲು ಬರುತ್ತದೆ. ನಲ್ಲಿಯಾದರೆ ನೀರು ಚಿಮ್ಮಿ ಬಟ್ಟೆ ನೆನೆಯುತ್ತದೆ. ಈ ಬಾಟ್ಲಿಯಾದರೆ ತಲೆಯನ್ನು ಮಾರ್ಕರಿನಲ್ಲೇ ಬಿಟ್ಟು, ಬುಡ ಮುಂದಾಗಿ, ದೀಪಾವಳಿಯ ರಾಕೆಟ್ಟಿನ ಹಾಗೆ ಹೊರಡುತ್ತದೆ.

ಕಂಠಿಗೆ ಇದು ಗೊತ್ತಿರಲಿಲ್ಲ ಎಂದುಕೊಳ್ಳಬೇಡಿ. ಬ್ರೌಸಿಂಗ್ ಸೆಂಟರಿನಲ್ಲಿ ಅದನ್ನೂ ಓದಿದ್ದ. ಅದಕ್ಕೇ ತಂಗಿಯ ಉಗುರುಬಣ್ಣ ಕೇಳಿ ತಂದು ಹಿತ್ತಾಳೆಯಿಂದ ಬಾಟ್ಲಿಯವರೆಗೆ ಒಂದು ಕೆಂಪು ಗೆರೆ ಎಳೆದಿದ್ದ. ನನಗೂ ತೋರಿಸಿದ್ದ.

"ಈ ಗೆರೆ ನೆಟ್ಟಗಿರೋವರ್ಗೂ ಭಯ ಇಲ್ಲ. ಗೆರೆ ಮುರಿದು ಅರ್ಧ ಆಕಡೆ ಅರ್ಧ ಈಕಡೆ ಆಯ್ತು ಅಂದ್ರೆ ತಲೆ ಸಡಿಲ ಆಗಿದೆ ಅಂತ. ಆಗ ಯಾರೂ ಮುಟ್ಬಾರ್ದು."

ಆಮೇಲೆ ಆಯುಧಪೂಜೆ ಬಂತು.

ಆ ಮನೆಯ ಆಯುಧಪೂಜೆ ಎಂದರೆ ಅಂಗಡಿಯೂ ಮನೆಯೂ ಒಂದಾಗುವ ದಿನ. ಈಳಿಗೆಮಣೆ, ಕತ್ತರಿ, ಹೊಲಿಗೆ ಯಂತ್ರ, ಸ್ಪ್ಯಾನರುಗಳು, ಎರಡು ಸ್ಕೂಟರು, ಎಲ್ಲವೂ ಹಿಂದಿನ ದಿನ ಜಯತ್ತೆಯ ಕೈಯಲ್ಲಿ ಮಿಂದು ಸಾಲಾಗಿ ಕೂರಬೇಕು. ಆ ವರ್ಷ ಮಾರ್ಕರ್ ಕೂಡ ಸಾಲಿಗೆ ಬಂತು. ನಾನು ಬೆಳಿಗ್ಗೆ ಹೋದಾಗ ಅದಕ್ಕೆ ಚೆಂಡುಹೂವಿನ ಹಾರ ಬಿದ್ದಿತ್ತು. ಬಾಟ್ಲಿಯ ಹಿತ್ತಾಳೆ ತಲೆ ದೇವರಮನೆಯ ನಂದಾದೀಪದಂತೆ ಥಳಥಳಿಸುತ್ತಿತ್ತು.

"ಹುಣಸೆಹಣ್ಣು, ಸಬೀನಾ, ಎರಡೂ ಹಾಕಿ ಉಜ್ಜಿದೆ," ಎಂದರು ಜಯತ್ತೆ. "ಯಾರೋ ಉಗುರುಬಣ್ಣ ಬೇರೆ ಚೆಲ್ಲಿ ಗಲೀಜು ಮಾಡಿದ್ರು. ಕೆರೆದು ಕೆರೆದು ತೆಗೆದೆ. ಹೆಂಗಿದೆ ಈಗ?"

ಕಂಠಿ ನನ್ನ ಮುಖ ನೋಡಿದ. ಗೆರೆ ಇದ್ದ ಜಾಗದಲ್ಲಿ, ಬಾಟ್ಲಿಯೂ ಹಿತ್ತಾಳೆಯೂ ಕೂಡುವ ಕಡೆಯಲ್ಲೇ, ಗಂಧ ಬಳಿದು ಅದರ ಮೇಲೆ ದೊಡ್ಡ ಕುಂಕುಮದ ಬೊಟ್ಟು ಇಟ್ಟಿದ್ದರು. ಎಲ್ಲಕ್ಕಿಂತ ಹೊಳೆಯುವ ಜಾಗ ಅದೇ ತಾನೆ.

"ಅಮ್ಮ, ಅದು ಗಲೀಜಲ್ಲ ಕಣಮ್ಮ, ನಾನೇ ಹಾಕಿದ್ದು..." ಎಂದು ಬಗ್ಗಿದ.

"ಮುಟ್ಬೇಡ! ಪೂಜೆಗೆ ಇಟ್ಟಿರೋ ಆಯುಧ. ನಾಳೆ ದಶಮಿ, ಒಳ್ಳೇ ದಿನ, ನಾಳೆ ಎತ್ಕೊಂಡು ಏನು ಬೇಕಾದ್ರೂ ಬಳ್ಕೋ."

ಪೂಜೆಗಿಟ್ಟದ್ದನ್ನು ಅಂದು ಎತ್ತಬಾರದು. ಅದು ಆ ಮನೆಯ ನಿಯಮ, ನಮ್ಮ ಮನೆಯದೂ ಹೌದು. ತರಕಾರಿ ಹೆಚ್ಚಲು ಈಳಿಗೆಮಣೆಯನ್ನೂ ತೆಗೆಯುವುದಿಲ್ಲ, ಬದನೆಕಾಯಿಯನ್ನು ಹಿಂದಿನ ದಿನವೇ ಹೆಚ್ಚಿಟ್ಟಿರುತ್ತಾರೆ. ಕಂಠಿ ಕೈ ಹಿಂದಕ್ಕೆ ತೆಗೆದ. "ಆಯ್ತು, ನಾಳೆ ಎಳೆದ್ರಾಯ್ತು," ಎಂದ. ನನಗೂ ಅದು ಸರಿಯಾಗಿಯೇ ಕಂಡಿತು. ಒಂದು ದಿನ ಅಲುಗಾಡದೆ ಕೂತಿರುವ ವಸ್ತುವಿಗೆ ಏನಾದೀತು?

ವಿಜಯದಶಮಿಯ ಊಟ ನನಗೆ ಅವರ ಮನೆಯಲ್ಲೇ. ಜಯತ್ತೆಯ ಹೋಳಿಗೆ ಆ ಬೀದಿಗೇ ಹೆಸರಾದದ್ದು. ತುಪ್ಪ ಸುರಿದು, ಬೇಡ ಎಂದವನ ಎಲೆಗೆ ಎರಡು ಹಾಕಿ, "ಬೇಡ ಅನ್ನೋರಿಗೇ ಜಾಸ್ತಿ ಬೇಕಾಗಿರುತ್ತೆ" ಎನ್ನುವ ಜಾತಿ ಅವರು. ಊಟವಾಗಿ ಹಿತ್ತಿಲಿಗೆ ಬಂದೆವು. ಒಳ್ಳೆಯ ದಿನ, ಆಯುಧ ಎತ್ತಬೇಕಲ್ಲ. ಕಂಠಿ ಹಾರ ತೆಗೆದಿಟ್ಟು ಹಳೇ ಹಾಸಿಗೆಗೆ ನಾಲ್ಕಾರು ಗುಂಡು ಹಾರಿಸಿದ. ಒಂದೂ ಒಳಗೆ ಒಡೆಯಲಿಲ್ಲ. ಮಾರ್ಕರ್ ಬಂದಾಗಿನಿಂದ ಅಷ್ಟು ಚೆನ್ನಾಗಿ ಅದು ಯಾವತ್ತೂ ಕೆಲಸ ಮಾಡಿರಲಿಲ್ಲ.

"ನೋಡ್ದಾ? ಪೂಜೆ ಫಲ!" ಎಂದರು ಜಯತ್ತೆ. ಅವರು ಒಗೆಯುವ ಕಲ್ಲಿನ ಮೇಲೆ ಕೂತು ಮೊರದಲ್ಲಿ ಪೂಜೆಯ ಹೂವು ಬಿಡಿಸುತ್ತಿದ್ದರು, ಒಣಗಿದ್ದು ಒಂದು ಕಡೆ, ಚೆನ್ನಾಗಿರುವುದು ಒಂದು ಕಡೆ.

"ಇವತ್ತು ಗೆರೆ ಎಳೆದೇ ಇಡ್ತೀನಿ," ಎಂದ ಕಂಠಿ. ಅಡುಗೆಮನೆಯ ಮೆಟ್ಟಿಲ ಮೇಲೆ ಕೂತು, ಮಾರ್ಕರನ್ನು ಮಂಡಿಗಳ ನಡುವೆ ಅವುಚಿ, ಬಾಟ್ಲಿ ಬಿಚ್ಚಲು ಶುರುಮಾಡಿದ. ಉಗುರುಬಣ್ಣದ ಸೀಸೆ ಪಕ್ಕದಲ್ಲೇ ಇತ್ತು. ನಾನು ಅವನ ಹಿಂದೆ ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದೆ. ಬಾಟ್ಲಿಯ ಬುಡ ಎದುರಿಗೆ, ಒಗೆಯುವ ಕಲ್ಲಿನ ಕಡೆಗಿತ್ತು.

ಅವನು ತಿರುಗಿಸಿದ. ಸಾಮಾನ್ಯವಾಗಿ ಎರಡು ಸುತ್ತು ತಿರುಗಿಸುವಷ್ಟರಲ್ಲಿ ಮಾರ್ಕರಿನಲ್ಲಿ ಉಳಿದ ಗ್ಯಾಸ್ 'ಪುಸ್' ಎನ್ನುತ್ತದೆ. ಅನ್ನಲಿಲ್ಲ. "ಎಣ್ಣೆ ಹಾಕಿದೀಯೇನಮ್ಮಾ, ಇಷ್ಟು ಸಲೀಸಾಗಿ ಬರ್ತಿದೆ," ಎಂದು ನಗುತ್ತಾ ಮತ್ತೆ ತಿರುಗಿಸಿದ. ಆಗ ನನಗೆ ಕುಂಕುಮ ಕಂಡಿತು. ಗಂಧದ ಸಮೇತ ಒಣಗಿ ಹಕ್ಕಳೆಯಾಗಿದ್ದ ಬೊಟ್ಟು ನಡುವೆ ಸೀಳಿಕೊಂಡು, ಅರ್ಧ ಹಿತ್ತಾಳೆಯ ಮೇಲೇ ನಿಂತಿತ್ತು. ಇನ್ನರ್ಧ ಬಾಟ್ಲಿಯ ಜೊತೆ ಸುತ್ತಿಕೊಂಡು ಅತ್ತ ಮರೆಯಾಗುತ್ತಿತ್ತು, ಇತ್ತ ಬರುತ್ತಿತ್ತು.

ನಾನು ಅದನ್ನು ನೋಡಿದೆ. ಅದರ ಅರ್ಥವೂ ನನಗೆ ಗೊತ್ತಿತ್ತು. ಆದರೆ ನೋಡಿದ್ದಕ್ಕೂ ಗೊತ್ತಿದ್ದುದಕ್ಕೂ ನಡುವೆ ಅದೇನೋ ಒಂದು ಅಗಾಧ ದೂರ. ಇವನು ಯಾಕೆ ಕುಂಕುಮವನ್ನು ತಿರುಗಿಸುತ್ತಿದ್ದಾನೆ ಎಂದು ಯೋಚಿಸಿದ್ದು ನೆನಪಿದೆ. ಅದರ ನಂತರದ್ದು ನೆನಪಿಲ್ಲ. ಅಥವಾ ಬೇಕಾದಷ್ಟು ನೆನಪಿದೆ, ಒಂದಕ್ಕೊಂದು ಹೊಂದುವುದಿಲ್ಲ.

ಸದ್ದು ಪಟಾಕಿಯಂಥದಲ್ಲ, ದೊಡ್ಡ ಬಟ್ಟೆಯನ್ನು ಒಂದೇ ಸಲಕ್ಕೆ ಹರಿದ ಹಾಗೆ. ಹಿತ್ತಿಲು ಬೆಳ್ಳಗಾಯಿತು. ಬೆಳ್ಳಗಿನೊಳಗೆ ಕಲ್ಲಿಗೆ ಏನೋ ಬಡಿಯಿತು, ಬಚ್ಚಲಿನ ತಗಡು ಕೂಗಿತು, ಆಮೇಲೆ ಕಾಂಪೌಂಡಿನಾಚೆ ಯಾರದೋ ಬಕೆಟ್ಟು ಉರುಳಿತು. ಗ್ಯಾಸಿನ ಮಂಜು ಇಳಿದಾಗ ಒಗೆಯುವ ಕಲ್ಲಿನ ಅಂಚು ಅಂಗೈಯಗಲ ಎದ್ದುಹೋಗಿತ್ತು. ಮೊರ ಚೂರಾಗಿತ್ತು. ಹೂವು ಎಲ್ಲೆಲ್ಲೂ ಬಿದ್ದಿತ್ತು. ಕಲ್ಲಿನ ಮೇಲೆ ಜಯತ್ತೆ ಇರಲಿಲ್ಲ.

ಅವರು ನನ್ನ ಪಕ್ಕದಲ್ಲಿದ್ದರು. ಬಾಗಿಲ ಹತ್ತಿರ, ಒಂದು ಕಾಲು ಮೆಟ್ಟಿಲ ಮೇಲಿಟ್ಟು, ಸೆರಗು ಹಿಡಿದುಕೊಂಡು ಕಲ್ಲಿನ ಕಡೆ ತಿರುಗಿ ನೋಡುತ್ತಿದ್ದರು.

"ಏನ್ರೀ ಅದು? ದೀಪಾವಳಿ ಈಗ್ಲೇ ಶುರುವಾ ನಿಮ್ಮನೇಲಿ?" ಎಂದು ಪಕ್ಕದ ಮನೆಯಿಂದ ಕೂಗಿದರು. ಕಂಠಿಯ ಬೆರಳುಗಳು ಚಳಿಗೆ ಸುಟ್ಟು ಬಿಳಿಚಿಕೊಂಡಿದ್ದವು. ಅವನು ಮಾರ್ಕರನ್ನು ಹಿಡಿದೇ ಇದ್ದ. ಅದರ ಹಿಂಬದಿಯಲ್ಲಿ ಅರ್ಧ ಕುಂಕುಮದ ಹಿತ್ತಾಳೆ ತಲೆ, ಅದಕ್ಕೆ ನೇತಾಡುವ ಕೊಳವೆ.

ಕಂಠಿಯ ತಂದೆ ನಿದ್ದೆಯಿಂದ ಎದ್ದು ಬಂದು ಕಲ್ಲು ನೋಡಿದರು, ಹೆಂಡತಿಯನ್ನು ನೋಡಿದರು. "ಎಲ್ಲಿ ಕೂತಿದ್ದೆ?" ಎಂದರು.

"ಅಲ್ಲೇ."

"ಮತ್ತೆ ಎದ್ದಿದ್ದು?"

ಜಯತ್ತೆ ಕಾಂಪೌಂಡಿನ ಕಡೆ ಒಮ್ಮೆ ನೋಡಿ ನನ್ನ ಕಡೆ ಕೈ ತೋರಿಸಿದರು. "ಇವನು ಕಾಫಿ ಕೇಳ್ದ. ಮಾಡೋಣಾಂತ ಎದ್ದೆ."

ನಾನು ಕಾಫಿ ಕೇಳಿದೆನೇ? ಕುತ್ತಿಗೆವರೆಗೆ ಹೋಳಿಗೆ ತಿಂದವನು, ಎದುರಿಗೆ ಬಾಟ್ಲಿ ಸಡಿಲವಾಗುವುದನ್ನು ನೋಡುತ್ತಾ ಕಾಫಿ ಕೇಳಿದೆನೇ? ನನ್ನ ನೆನಪಿನಲ್ಲಿ ನಾನು "ಜಯತ್ತೆ, ಏಳಿ!" ಎಂದು ಕೂಗಿದ್ದೇನೆ. ಗಂಟಲು ಆಮೇಲೆ ನೋಯುತ್ತಿತ್ತು ಕೂಡ. ಕಂಠಿಯನ್ನು ಕೇಳಿದರೆ, "ನೀನು 'ನಿಲ್ಸೋ' ಅಂದೆ. ಅದಕ್ಕೇ ಅಲ್ವಾ ನಾನು ಒಂದು ಕ್ಷಣ ಕೈ ನಿಲ್ಸಿದ್ದು" ಎನ್ನುತ್ತಾನೆ. ಅವನ ತಂದೆ, "ದೇವಿ ಕಾಫಿ ಕೇಳಿಸಿದಳು, ಅಷ್ಟೆ" ಎಂದು ಮುಗಿಸಿದರು. ಹಾಗಾಗಿ ಆ ಮನೆಯಲ್ಲಿ ನಾನೊಂದು ಸಣ್ಣ ದೈವವಾದೆ. ಅಂದಿನಿಂದ ಯಾವಾಗ ಹೋದರೂ ಚಪ್ಪಲಿ ಬಿಡುವ ಮುಂಚೆ ಲೋಟ ಬರುತ್ತಿತ್ತು. ಬೇಡ ಎನ್ನುವ ಹಾಗಿಲ್ಲ. "ನೀನು ಕೇಳಿದ ಕಾಫಿಯಿಂದ ಈ ಮನೆ ಉಳೀತಪ್ಪ," ಎನ್ನುತ್ತಿದ್ದರು ಕಂಠಿಯ ತಂದೆ.

ಕಂಠಿ ಆ ಮಾರ್ಕರನ್ನು ಬಿಚ್ಚಿ ಹಳೇ ಕಬ್ಬಿಣಕ್ಕೆ ಹಾಕಿದ. ಮುಂದೆ ತಂದೆಯ ಅಂಗಡಿಯನ್ನೇ ನೋಡಿಕೊಂಡ, ಮದುವೆಯಾದ, ಮಕ್ಕಳಾದವು. ಅವನು ಆ ದಿನವನ್ನು ದಾಟಿ ಹೋದ. ನಾನು ಯಾಕೋ ಆ ಬಾಗಿಲ ಚೌಕಟ್ಟಿಗೇ ಒರಗಿ ಉಳಿದುಬಿಟ್ಟೆ.

ಬ್ಯಾಂಕಿನಲ್ಲಿ ಸಾಲು ನಿಂತ ಗ್ರಾಹಕರ ಮುಂದೆ, ಸಿಗ್ನಲಿನಲ್ಲಿ, ಹಲ್ಲುಜ್ಜುವಾಗ, ಎಲ್ಲಿ ಬೇಕಾದರೂ ಅದು ಶುರುವಾಗುತ್ತದೆ. ಕುಂಕುಮ ಸೀಳುತ್ತದೆ, ಅರ್ಧ ಹೋಗುತ್ತದೆ, ಅರ್ಧ ಬರುತ್ತದೆ. ಒಂದು ಸಲ ನಾನು ಕೂಗುತ್ತೇನೆ. ಇನ್ನೊಂದು ಸಲ ಕಾಫಿ ಕೇಳುತ್ತೇನೆ. ಕೆಲವು ಸಲ ನಾನು ಏನೂ ಅನ್ನುವುದಿಲ್ಲ, ಜಯತ್ತೆ ಕಲ್ಲಿನ ಮೇಲೇ ಕೂತಿರುತ್ತಾರೆ, ಆಗ ನಾನು ಇದ್ದಕ್ಕಿದ್ದಂತೆ ಎದ್ದು ಓಡಾಡಬೇಕಾಗುತ್ತದೆ. ನಾನು ಕೂಗಿದ್ದರೆ ಅವರು ಉಳಿದದ್ದು ನನ್ನಿಂದ. ಕಾಫಿ ಕೇಳಿದ್ದರೆ ಉಳಿದದ್ದು ಬರೀ ಅದೃಷ್ಟದಿಂದ. ಇವೆರಡರ ನಡುವೆ ಏನು ಮಹಾ ವ್ಯತ್ಯಾಸ, ಉಳಿದರಲ್ಲ ಎನ್ನುತ್ತಾಳೆ ನನ್ನ ಹೆಂಡತಿ. ಅವಳ ಮಾತು ಸರಿ. ಆದರೆ ಬಾಟ್ಲಿ ಅವಳ ಮಾತು ಕೇಳುವುದಿಲ್ಲ.

ಕಂಠಿಯ ತಂದೆ ಹೋಗಿ ಎರಡು ವರ್ಷವಾಯಿತು. ಈ ವಿಜಯದಶಮಿಗೆ, ಮೂಗಿನಲ್ಲಿ ಆ ಹುಣಸೆಹಣ್ಣಿನ ವಾಸನೆ ಇನ್ನೂ ಇದ್ದುದರಿಂದಲೋ ಏನೋ, ಅವರ ಮನೆಗೆ ಹೋಗಿಬಂದೆ. ಮನೆ ತುಂಬ ಜನ. ಕಂಠಿಯ ತಂಗಿ ಗಂಡನ ಜೊತೆ ಬಂದಿದ್ದಳು, ಮಕ್ಕಳು ಗೊಂಬೆಗಳ ಸಾಲಿನ ಮುಂದೆ ಜಗಳವಾಡುತ್ತಿದ್ದವು. ಜಯತ್ತೆ ಕುರ್ಚಿಯಲ್ಲಿ ಕೂತು ಎಲ್ಲರಿಗೂ ಹುಕುಂ ಕೊಡುತ್ತಿದ್ದರು. ಕಾಫಿ ಬಂತು. ನಾನು ಲೋಟವನ್ನು ಹಿಡಿದುಕೊಂಡು, ಇಷ್ಟು ವರ್ಷ ಬರೀ ನನ್ನನ್ನೇ ಕೇಳಿಕೊಳ್ಳುತ್ತಿದ್ದುದನ್ನು ಕೊನೆಗೂ ಅವರನ್ನು ಕೇಳಿದೆ.

"ಜಯತ್ತೆ, ಅವತ್ತು ನಾನು ಕಾಫಿ ಕೇಳಿದ್ದು ನಿಜಾನಾ?"

ಅವರು ನನ್ನನ್ನು ನೋಡಿದರು, ಅತ್ತಿತ್ತ ನೋಡಿದರು, ನಗಲು ಶುರುಮಾಡಿದರು.

"ಎಲ್ಲಿ ಕೇಳ್ದೆ? ನೀನು ಬಾಯೇ ಬಿಡ್ಲಿಲ್ಲ."

"ಕೂಗ್ಲೂ ಇಲ್ವಾ?"

"ಇಲ್ಲ ಕಣೋ. ಬಾಯಿ ತೆಗ್ದಿದ್ದೆ, ಸದ್ದೇ ಇರ್ಲಿಲ್ಲ. ಮುಖ ಬೆಳ್ಳಗೆ, ಸುಣ್ಣ. ಕಣ್ಣು ಎಲ್ಲೋ ನೆಟ್ಟಿದೆ. ಅಯ್ಯೋ ಇವನು ವಾಂತಿ ಮಾಡ್ಕೊತಾನೆ ಅಂತ ನಾನೇ ಎದ್ದು ಓಡಿ ಬಂದೆ, ಹಿಡ್ಕೊಳ್ಳೋಣಾಂತ."

ಕಂಠಿ ಚಟ್ಟನೆ ತಿರುಗಿದ. "ಮತ್ತೆ ಅಪ್ಪಂಗೆ ಕಾಫಿ ಅಂದ್ಯಲ್ಲಮ್ಮ?"

"ಇನ್ನೇನ್ ಹೇಳ್ಲಿ? ಹಬ್ಬದ ದಿನ ನನ್ನ ಹೋಳಿಗೆ ತಿಂದು ಹುಡುಗನಿಗೆ ವಾಂತಿ ಬಂತು ಅಂತ ಹೇಳ್ಲಾ? ಪಕ್ಕದ ಮನೆಯೋಳು ಕಾಂಪೌಂಡ್ ಮೇಲೆ ಕತ್ತು ಇಟ್ಕೊಂಡು ನಿಂತಿದ್ಲು."

"ಅಂದ್ರೆ ಇಷ್ಟು ವರ್ಷ ಇವನಿಗೆ ಸುಮ್ಮಸುಮ್ನೆ ಕಾಫಿ ಕುಡಿಸಿದೀವಾ ನಾವು!" ಎಂದು ಕಂಠಿ ಹಣೆ ಚಚ್ಚಿಕೊಂಡ. ಅವನ ತಂಗಿ ನಕ್ಕು ನಕ್ಕು ಕೂತಳು. ನಾನೂ ನಕ್ಕೆ. ಜಯತ್ತೆ ಮಾತ್ರ ನಗು ನಿಲ್ಲಿಸಿ, ನನ್ನ ಕೈಯನ್ನು ಹಿಡಿದುಕೊಂಡರು.

"ಅವತ್ತು ನೀನು ಏನಾದ್ರೂ ಅಂದಿದ್ರೆ ನಾನು ಏಳ್ತಿರ್ಲಿಲ್ಲ ಕಣಪ್ಪ. ನೀವಿಬ್ರೂ ಹಿತ್ತಿಲಲ್ಲಿ ಕೂಗಾಡ್ತಾನೇ ಇರ್ತಿದ್ರಿ ಯಾವಾಗ್ಲೂ. ಯಾರು ಕಿವಿಗೆ ಹಾಕ್ಕೊತಿದ್ರು?"

ಲೋಟದಲ್ಲಿ ಉಳಿದಿದ್ದ ಕಾಫಿಯನ್ನು ಕುಡಿದು ಮುಗಿಸಿದೆ. ನಾನು ಧೈರ್ಯಸ್ಥನಾಗಿದ್ದರೆ, ಬುದ್ಧಿ ಚುರುಕಾಗಿದ್ದು ಸರಿಯಾದ ಮಾತನ್ನು ಸರಿಯಾದ ಕ್ಷಣಕ್ಕೆ ಕೂಗಿದ್ದರೆ ಅವರು ಅಲ್ಲೇ ಕೂತು ಹೂವು ಬಿಡಿಸುತ್ತಿದ್ದರೇ? ಏನೂ ತೋಚದೆ ಬಾಯಿ ತೆಗೆದು ನಿಂತವನ ಮುಖಕ್ಕಾಗಿ ಒಬ್ಬ ಹೆಂಗಸು ಎದ್ದು ಓಡಿಬಂದರು. ಬಂದದ್ದು ತಮ್ಮನ್ನು ಉಳಿಸಿಕೊಳ್ಳಲು ಅಲ್ಲ, ನನ್ನನ್ನು ಹಿಡಿದುಕೊಳ್ಳಲು. ಇದನ್ನು ಯಾರ ಲೆಕ್ಕಕ್ಕೆ ಬರೆಯುವುದು?

ಅವರ ಮನೆಯಿಂದ ನಡೆದೇ ಬಂದೆ. ಬೀದಿಯ ವಾಹನಗಳಿಗೆಲ್ಲ ಬಾಳೆಕಂದು ಕಟ್ಟಿತ್ತು. ಒಡೆದ ಬೂದುಗುಂಬಳ ದಾಟಿಕೊಂಡು ಹೋಗುವಾಗ ಅದು ತಾನಾಗಿಯೇ ಶುರುವಾಯಿತು, ಹಿತ್ತಿಲು, ಮೆಟ್ಟಿಲು, ಕಂಠಿಯ ಬೆನ್ನು. ಆದರೆ ಈ ಸಲ ನಾನು ಬಾಗಿಲಲ್ಲಿ ಇರಲಿಲ್ಲ. ಕಲ್ಲಿನ ಮೇಲೆ ಕೂತಿದ್ದೆ. ಅಲ್ಲಿಂದ ಕುಂಕುಮ ಕಾಣುವುದಿಲ್ಲ, ಬಾಟ್ಲಿಯೂ ಅಷ್ಟಾಗಿ ಕಾಣುವುದಿಲ್ಲ. ಕಾಣುವುದು ಬಾಗಿಲಲ್ಲಿ ನಿಂತ ಒಬ್ಬ ಹುಡುಗ. ಬಾಯಿ ತೆರೆದಿದ್ದಾನೆ, ಮಾತು ಬರುತ್ತಿಲ್ಲ, ತುಂಬಾ ಹೆದರಿದ್ದಾನೆ. ಇಷ್ಟು ವರ್ಷದಲ್ಲಿ ಅವನ ಮುಖವನ್ನು ನಾನು ನೋಡಿಯೇ ಇರಲಿಲ್ಲ. ಎದ್ದು ಅವನ ಕಡೆಗೆ ನಡೆದೆ.